ಇಳಿತವಿಲ್ಲದ ಕಡಲಿನ ಕಾಗದ

ನಾಗಜ್ಜ ಹನ್ನೊಂದು ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ತಮ್ಮ ಎಲೆಯಡಿಕೆ ಡಬ್ಬಿ ಇಟ್ಟರು. ಗಾಳಿಗೆ ಹಾರದಿರಲಿ ಎಂದಲ್ಲ. ಇನ್ನು ಓದುವುದಕ್ಕೆ ಏನೂ ಉಳಿದಿಲ್ಲ ಎನ್ನುವ ಹಾಗೆ.

"ಇದನ್ ಬರ್ದವ್ರ್ ಆ ಕಡ್ಲ್ ಕಂಡದ್ದೇ ಇಲ್ಲೆ," ಎಂದರು.

"ಖಾತ್ರಿಯಾ ಅಜ್ಜ?"

"ಮೂವತ್ತ್ ವರ್ಷ ಹಡ್ಗಂಗೆ ಹಗ್ಗ ಎಳ್ದಿದೆ ಮಾರಾಯ. ನಿನ್ ಹಾಂಗೆ ಪಿಚ್ಚರಂಗೆ ಕಡ್ಲ್ ಕಂಡವ ಅಲ್ಲ."

ಬೈಂದೂರಿನ ಅವರ ಮನೆಯ ಜಗುಲಿ. ಮಧ್ಯಾಹ್ನದ ಒಂದೂವರೆ. ನನ್ನ ಹತ್ತಿರ ಉಳಿದಿದ್ದದ್ದು ಇಪ್ಪತ್ತೆರಡು ಗಂಟೆ.

ವಿಷಯ ಇಷ್ಟೇ. ಗಂಗೊಳ್ಳಿಯ ರವಿಚಂದ್ರ ಹನ್ನೆರಡು ವರ್ಷದ ಹಿಂದೆ ಹಡಗಿನ ಕೆಲಸಕ್ಕೆಂದು ಹೋದವನು ಮರಳಲಿಲ್ಲ. ವರ್ಷಕ್ಕೊಂದು ಕಾಗದ ಮಾತ್ರ ಬರುತ್ತದೆ, ನವರಾತ್ರಿ ಮುಗಿದ ವಾರ. ಈ ವರ್ಷದ್ದು ಹನ್ನೆರಡನೆಯದು. ಅದು ಅವನ ಮಗಳು ಧನ್ಯಶ್ರೀಯನ್ನು ಹೊರಟು ಬಾ ಎಂದು ಕರೆಯುತ್ತಿದೆ. ನಾಳೆ ಅವಳು ರೈಲು ಹತ್ತುತ್ತಾಳೆ.

ಕುಂದಾಪುರ ಬಸ್ ಸ್ಟ್ಯಾಂಡಿನ ಬಳಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹೋದ ವರ್ಷ ತಮಾಷೆಗೆ ಬೋರ್ಡಿನ ಕೆಳಗೆ 'ಪತ್ತೆ ಕೆಲಸವನ್ನೂ ಮಾಡಿಕೊಡಲಾಗುವುದು – ಕೀರ್ತನ್' ಎಂದು ಬರೆಸಿದ್ದೆ. ಜನ ನಂಬಿಬಿಟ್ಟರು. ಧನ್ಯಶ್ರೀಯೂ ನಂಬಿದಳು. "ಅಪ್ಪಯ್ಯನ ಅಡ್ರೆಸ್ ಸಮಾ ಇತ್ತಾ ಅಂದ್ ಒಂಚೂರ್ ಕಂಡ್ ಹೇಳಿ ಕೀರ್ತಣ್ಣ," ಎಂದು ಹನ್ನೆರಡು ಕಾಗದಗಳನ್ನೂ ನನ್ನ ಗಾಜಿನ ಮೇಲೆ ಇಟ್ಟು ಹೋದಳು.

"ಹ್ಯಾಂಗೆ ಗೊತ್ತಾಯ್ತ್ ಅಜ್ಜ?"

ನಾಗಜ್ಜ ಡಬ್ಬಿ ಎತ್ತಿ ಮೇಲಿನ ಕಾಗದವನ್ನು ನನ್ನ ಕಡೆ ತಳ್ಳಿದರು. "ಓದ್."

ಓದಿದೆ. ಹನ್ನೊಂದೂ ಹೀಗೆಯೇ ಶುರುವಾಗುತ್ತಿದ್ದವು, ಸಮಾಜ ಪಾಠದ ಪುಸ್ತಕದ ಹಾಗೆ.

'ಪ್ರೀತಿಯ ಧನ್ಯಾ, ನಾನಿರುವುದು ಪನಾಮ ದೇಶದ ಬೋಕಾಸ್ ದೆಲ್ ತೋರೋ ಪ್ರಾಂತ್ಯ. ಕೆರಿಬಿಯನ್ ಕಡಲಿನಲ್ಲಿ ಒಂಬತ್ತು ದೊಡ್ಡ ದ್ವೀಪ, ಲೆಕ್ಕವಿಲ್ಲದಷ್ಟು ಸಣ್ಣ ಕುದ್ರು. ಜನಸಂಖ್ಯೆ ಒಂದು ಲಕ್ಷದ ಇಪ್ಪತ್ತೈದು ಸಾವಿರದ ನಾನೂರ ಅರವತ್ತೊಂದು. ಇಳಿತದ ಹೊತ್ತಿಗೆ ನೀರು ಪೂರಾ ಹಿಂದೆ ಸರಿಯುತ್ತದೆ. ನಡೆದೇ ಪಕ್ಕದ ಕುದ್ರಿಗೆ ಹೋಗಬಹುದು. ಕೆಸರಿನಲ್ಲಿ ಹಿಮ್ಮಡಿ ಊರಿ ತಿರುಗಿಸಿದರೆ ಚಿಪ್ಪು ಕಾಲಿಗೇ ತಾಗುತ್ತದೆ. ಸೊಂಟಕ್ಕೆ ಕಟ್ಟಿದ ಚೀಲ ತುಂಬುವಷ್ಟರಲ್ಲಿ ನಿನ್ನ ನೆನಪಾಗುತ್ತದೆ...'

"ನಿಲ್ಸ್," ಎಂದರು ನಾಗಜ್ಜ. "ಪನಾಮದ್ ಆ ಬದಿ ಕಡ್ಲಂಗೆ ಇಳಿತ ಅಂಬುದೇ ಇಲ್ಲೆ. ಏರಿರೆ ಒಂದ್ ಗೇಣ್, ಇಳ್ದ್ರೆ ಒಂದ್ ಗೇಣ್. ಕಾಲುವೆ ದಾಟಿ ಆಚಿ ಕಡ್ಲಿಗೆ ಹೋರೆ ಎರಡಾಳ್ ಮಟ್ಟ ಇಳಿತ್. ಈಚಿ ಬದಿ ಮಾತ್ರ ಸತ್ತ ನೀರ್. ಅಲ್ಲ್ ನಡ್ಕಂಡ್ ಕುದ್ರಿಗ್ ಹೋಪುದ್ ಹ್ಯಾಂಗೆ?"

ಗಂಗೊಳ್ಳಿ ಹೊಳೆಯ ದಡದಲ್ಲಿ ಹುಟ್ಟಿದವರು ಮಾತ್ರ ಮಾಡಬಹುದಾದ ತಪ್ಪು ಅದು. ದಿನಕ್ಕೆ ಎರಡು ಸಲ ನೀರು ಹೋಗಿ ಬರುವುದನ್ನು ಕಂಡವರಿಗೆ, ಜಗತ್ತಿನ ಕಡಲೆಲ್ಲ ಹಾಗೆಯೇ ಎಂದು ಅನ್ನಿಸದೆ ಇರದು. ಪುಸ್ತಕದಲ್ಲಿ ಜನಸಂಖ್ಯೆ ಸಿಗುತ್ತದೆ. ಇಳಿತ ಇಲ್ಲ ಎಂದು ಯಾರೂ ಬರೆದಿಡುವುದಿಲ್ಲ.

"ಮತ್ತೊಂದ್ ಇತ್ತ್," ಎಂದರು ಅಜ್ಜ, ಅಡಿಕೆ ಹೋಳನ್ನು ಬಾಯಿಗೆ ಹಾಕಿಕೊಂಡು. "ಹಿಮ್ಮಡಿಯಂಗೆ ಚಿಪ್ಪ್ ಹುಡ್ಕುದ್ ಹೆಂಗ್ಸ್ರ್. ನಾವ್ ಗಂಡಸ್ರ್ ಮುಳ್ಗಿ ಕೈಯಂಗೆ ಬಾಚುದ್. ಸೊಂಟಕ್ ಚೀಲ ಕಟ್ಟಿದ್ ಗಂಡ್ಸನ್ನ ನೀ ಕಂಡಿದ್ಯಾ?"

ಕಂಡಿರಲಿಲ್ಲ.

"ಅಂದ್ರೆ ವಿಲನ್ ಸೀರೆ ಉಟ್ಟಿರುದಾ ಅಜ್ಜ?"

"ನಿಂಗೆ ಎಲ್ಲ ಪಿಚ್ಚರ್," ಎಂದರು ಅವರು. ನಗಲಿಲ್ಲ.

ಇನ್ನೊಂದು ವಿಷಯ ನಾನೇ ಗಮನಿಸಿದ್ದೆ. ಹನ್ನೊಂದು ವರ್ಷ, ಹನ್ನೊಂದು ಕಾಗದ, ಒಂದೇ ಜನಸಂಖ್ಯೆ. ಅರವತ್ತೊಂದಕ್ಕೆ ಮುಗಿಯುವ ಅದೇ ಅಂಕಿ. ಆ ಪ್ರಾಂತ್ಯದಲ್ಲಿ ಹನ್ನೊಂದು ವರ್ಷ ಒಂದು ಮಗು ಹುಟ್ಟಲಿಲ್ಲ, ಒಬ್ಬ ಮುದುಕ ಸಾಯಲಿಲ್ಲ. ಎಲ್ಲರೂ ನಿಂತಲ್ಲೇ ನಿಂತುಬಿಟ್ಟಿದ್ದರು, ಯಾರೋ ರಿಮೋಟ್ ಒತ್ತಿ ಪಾಜ್ ಮಾಡಿದ ಹಾಗೆ.

ಹನ್ನೆರಡನೆಯದನ್ನು ಅಜ್ಜನಿಗೆ ಇನ್ನೂ ಕೊಟ್ಟಿರಲಿಲ್ಲ. ಈಗ ಕೊಟ್ಟೆ. ಆ ಲಕೋಟೆಯ ಮೂಲೆಯಲ್ಲಿ ಒಣಗಿದ ಕೆಸರಿತ್ತು. ಅಂಚೆಚೀಟಿ ಇರಲಿಲ್ಲ. ಹೋದ ವಾರ ಬೆಳಿಗ್ಗೆ ತುಳಸಿಕಟ್ಟೆಯ ಮೇಲೆ ಸಿಕ್ಕಿತು ಎಂದು ಧನ್ಯಶ್ರೀ ಹೇಳಿದ್ದಳು.

ನಾಗಜ್ಜ ಓದಿದರು. ಒಮ್ಮೆ ಓದಿ ಮುಗಿಸಿ, ಮತ್ತೊಮ್ಮೆ ಓದಿದರು. ಬಾಯಿಯ ಅಡಿಕೆ ಅಗಿಯುವುದು ನಿಂತಿತು.

"ಇದನ್ ಬರ್ದವ ಬೇರೆ," ಎಂದರು.

"ಅಕ್ಷರ ಒಂದೇ ಇತ್ತಲ್ದಾ?"

"ಅಕ್ಷರ ನಂಗ್ ಗೊತ್ತಿಲ್ಲೆ. ಕಡ್ಲ್ ಗೊತ್ತ್. ಇವ ಅಲ್ಲಿಗ್ ಹೋಯಿದ."

ಕಾಗದ ನನ್ನ ಕೈಗೆ ಬಂತು. ಬಾಯಿಪಾಠ ಬರುವಷ್ಟು ಸಲ ಓದಿದ್ದೆ, ಅರ್ಥವಾಗಿರಲಿಲ್ಲ.

'ಧನ್ಯಾ, ಇಲ್ಲಿ ಕಡಲು ಇಳಿಯುವುದಿಲ್ಲ. ಒಂದು ಗೇಣು ಇಳಿದ ಹಾಗೆ ಮಾಡಿ ಮತ್ತೆ ಅಲ್ಲೇ ನಿಲ್ಲುತ್ತದೆ. ಹನ್ನೆರಡು ವರ್ಷದಿಂದ ಇಳಿತಕ್ಕೆ ಕಾಯುತ್ತಿದ್ದೇನೆ. ಗುರುವಾರ ಹೊರಡು. ಕುಂದಾಪುರದಲ್ಲಿ ಹತ್ತಬೇಡ, ಗುರುತಿನವರಿರುತ್ತಾರೆ. ಬೈಂದೂರಿನಲ್ಲಿ ಹತ್ತು. ಮುಂಬೈ ಬದಿಯ ಪನ್ವೇಲಿನಲ್ಲಿ ನಿನ್ನ ಹೆಸರಿನ ಬೋರ್ಡ್ ಹಿಡಿದವರು ಇರುತ್ತಾರೆ. ನಾನು ಇಳಿತದಲ್ಲೇ ಹೋದೆ. ಭರತದ ಹೊತ್ತಿಗೆ ಅವಳ ಕಣ್ಣಿಗೆ ಬೀಳಲಿಲ್ಲ. ಇಲ್ಲಿಯ ಜನಸಂಖ್ಯೆ ಈಗ ಒಂದು ಲಕ್ಷದ ಇಪ್ಪತ್ತೈದು ಸಾವಿರದ ನಾನೂರ ಅರವತ್ತೆರಡು.'

ಒಂದು ಜಾಸ್ತಿ.

ಹನ್ನೊಂದು ವರ್ಷ ಕದಲದ ಅಂಕಿಗೆ ಯಾರೋ ಒಬ್ಬರನ್ನು ಸೇರಿಸಿದ್ದರು.

"ಆ ಹೆಣ್ಣ್ ಮಗಿನ ಕಳ್ಸಬೇಡ," ಎಂದರು ನಾಗಜ್ಜ. ನಾನು ಬೈಕ್ ಹತ್ತುವಾಗ ಅಂಗಳದವರೆಗೂ ಬಂದರು. "ಹೊಳಿ ಬದಿಗ್ ಹೋಪುದಾ? ಇವತ್ತ್ ಮೂರೂವರಿ ಮೇಲೆ ಭರತ, ನೀರ್ ಏರುಕ್ ಶುರು. ನೆನ್ಪಿರ್ಲಿ."

* * *

ತ್ರಾಸಿ ದಾಟುವಾಗ ಅಮ್ಮನ ಫೋನ್. ಅಮ್ಮ ಎಂದರೆ ಪುಷ್ಪ ಟೀಚರ್. ಇಡೀ ಶಾಲೆ ಅವಳಿಗೆ ಹೆದರುತ್ತದೆ, ನಾನೊಬ್ಬ ಬಿಟ್ಟು. ಬೈಕನ್ನು ಕಡಲ ಬದಿಯ ಕಲ್ಲುಗಳ ಪಕ್ಕ ನಿಲ್ಲಿಸಿದೆ.

"ಎಲ್ಲ್ ಸಾಯ್ತಿದ್ದೆ? ಊಟಕ್ಕೂ ಇಲ್ಲೆ."

"ಕೇಸಲ್ಲಿದ್ದೆ ಅಮ್ಮ. ಅನ್ನ ಕಾಯ್ತದೆ, ನ್ಯಾಯ ಕಾಯುದಿಲ್ಲ."

"ನಿನ್ ಡೈಲಾಗಿಗೆ ಬೆಂಕಿ ಹಾಕ. ಯಾವ ಕೇಸ್?"

ಹೇಳಿದೆ. ಗಂಗೊಳ್ಳಿ, ರವಿಚಂದ್ರ, ಅವನ ಹೆಂಡತಿ ಶ್ರೀಲತಾ.

"ಅವ್ರ ಹಳೇ ಮನಿ ಕಾಗೆಕುದ್ರಂಗೆ ಅಲ್ದಾ?" ಎಂದಳು ಅಮ್ಮ.

ಕಾಗೆಕುದ್ರು ಹೊಳೆಯ ನಡುವಿನ ಸಣ್ಣ ದ್ವೀಪ. ಏಳು ಮನೆ. ದಾಟುವ ಸಂಕ, ಮರದ ಕಾಲುಸೇತುವೆ, ಕೊಚ್ಚಿಹೋದ ಮೇಲೆ ಎಲ್ಲರೂ ದಡಕ್ಕೆ ಬಂದರು. ಈಗ ಅಲ್ಲಿ ತೆಂಗಿನ ಮರ, ಕಾಗೆ, ಮತ್ತೆ ಬೀಗ ಜಡಿದ ಬಾಗಿಲು.

"ಹೌದ್. ಎಂತಕ್ಕೆ?"

"ಮೇ ತಿಂಗ್ಳಂಗೆ ಮನೆಗಣತಿಗೆ ಹೋದಾಗ ನೀ ಮಾಡದ್ಕೆ ನಂಗಿನ್ನೂ ಸಿಟ್ಟ್ ಇತ್ತ್."

"ನಾ ಎಂತ ಮಾಡ್ದೆ?"

"ಗೊತ್ತಿಲ್ದ ಹಾಂಗೆ ಮೊಳ್ಳ್ ಮಾಡ್ಬೇಡ. ದೋಣಿಯಂಗೆ ಹೋಯ್ ಏಳ್ ಮನಿಗೂ ನಂಬ್ರ ಹಾಕ್ದೆ. ನಾಲ್ಕನೇ ಮನಿಗೆ ಹೆರ್ಗೆ ಬೀಗ. ಆದ್ರೂ ಅಭ್ಯಾಸ ಬಲ, 'ಮನೆಯಂಗೆ ಎಷ್ಟ್ ಜನ' ಅಂದ್ ಕೇಂಡೆ. ಒಳ್ಗಿಂದ 'ಒಬ್ಬ' ಅಂದದ್ ನೀನೇ ಅಲ್ದಾ?"

ಅಲೆಯ ಸದ್ದು ಕೇಳದ ಹಾಗಾಯಿತು.

"ನನ್ ಮಗನ ಕುಚೋದ್ಯ ಅಂದೇಳಿ ಸೊನ್ನೆ ಬರ್ಕಂಡ್ ಬಂದೆ," ಎಂದಳು ಅಮ್ಮ.

"ಯಾವ ದಿನ ಅಮ್ಮ ಅದ್?"

"ಶುಕ್ರವಾರ. ನೀ ಅವತ್ತ್..."

"ಅವತ್ತ್ ನಾ ಬ್ರಹ್ಮಾವರದಂಗೆ ಮದುವೆ ಫ್ಲೆಕ್ಸ್ ಕಟ್ತಿದ್ದೆ. ಫೋಟೊ ನಿಂಗೇ ಕಳ್ಸಿದ್ದೆ."

ಹತ್ತು ವರ್ಷ ಬಾಗಿಲ ಹಿಂದೆ ಅಡಗಿ ಅಮ್ಮನನ್ನು ಹೆದರಿಸಿದ್ದೇನೆ. ಹಾಗೆ ಹೆದರಿಸಿ ಹೆದರಿಸಿ, ನಿಜವಾಗಿ ಹೆದರಬೇಕಾದ ದಿನ ಅವಳು ಹೆದರದ ಹಾಗೆ ಮಾಡಿದ್ದೆ.

ನನ್ನ ತಪ್ಪು ಅಷ್ಟಕ್ಕೇ ನಿಲ್ಲಲಿಲ್ಲ. ಧನ್ಯಶ್ರೀಗೆ ಫೋನ್ ಮಾಡಿದೆ. ರೈಲು ಬೇಡ ಎನ್ನುವುದಕ್ಕೆ ಮೊದಲು ಅವಳನ್ನು ಸ್ವಲ್ಪ ನಗಿಸೋಣ ಎನ್ನಿಸಿತು.

"ಹ್ವಾಯ್ ಧನ್ಯಾ, ಪನಾಮ ಬಿಡ್. ಕಾಗೆಕುದ್ರಿನ ಜನಸಂಖ್ಯೆ ಎಷ್ಟ್ ಹೇಳ್? ಒಂದ್. ನಿಮ್ ಹಳೇ ಮನಿಯಂಗೆ ಭೂತ ಬಾಡ್ಗಿಗ್ ಇತ್ತಂಬ್ರ್, ನಮ್ಮಮ್ಮನ ಹತ್ರ ಮಾತಾಡ್ತ್ ಸೈತ."

ಅವಳು ನಗಲಿಲ್ಲ.

"ಎಂತ ಅಂದ್ ಮಾತಾಡ್ತ್?"

"'ಒಬ್ಬ' ಅಂತಂಬ್ರ್."

"ಗಂಡ್ಸಿನ ದನಿಯಾ?"

"ಧನ್ಯಾ, ತಮಾಷೆಗ್ ಹೇಳ್ದೆ. ನಾ ಬತ್ತೆ, ಅಲ್ಲಿವರೆಗೆ..."

ಫೋನ್ ಇಟ್ಟಿದ್ದಳು.

* * *

ಶ್ರೀಲತಕ್ಕನ ಮನೆ ಹೊಳೆಗೆ ಮುಖ ಮಾಡಿ ಕೂತಿದೆ. ಆದರೆ ಮುಂಬಾಗಿಲು ರಸ್ತೆ ಕಡೆ. ಹೊಳೆ ಕಡೆಯ ಕಿಟಕಿಗೆ ಒಳಗಿನಿಂದ ಹಲಗೆ ಹೊಡೆದಿದ್ದರು. ಇದನ್ನು ನಾನು ಮೊದಲ ದಿನವೇ ಕಂಡಿದ್ದೆ, ಗಾಳಿಗೆ ಇರಬೇಕು ಎಂದುಕೊಂಡಿದ್ದೆ.

ಅವರು ಹಿತ್ತಲ ಕಟ್ಟೆಯ ಮೇಲೆ ಕೂತು, ಚಿಪ್ಪು ಒಡೆಯುತ್ತಿದ್ದರು. ಕತ್ತಿಯ ತುದಿ ಸಂದಿಗೆ ಹೊಕ್ಕರೆ ಟಕ್ ಎಂದು ಬಾಯಿ ಬಿಡುತ್ತಿತ್ತು. ಅವರ ಹಿಮ್ಮಡಿಯ ಬಿರುಕುಗಳಲ್ಲಿ ಕಪ್ಪು ಕೆಸರು, ಎಷ್ಟು ತೊಳೆದರೂ ಹೋಗದ್ದು. ಪಕ್ಕದಲ್ಲಿ ಒದ್ದೆ ಚೀಲ. ಅದರ ಬಾಯಿಗೆ ಸೊಂಟದ ಸುತ್ತಳತೆಯ ಹಗ್ಗ.

ಪಿಚ್ಚರಿನಲ್ಲಾದರೆ ಇಲ್ಲಿ ಹೀರೋ ಕೈ ತೋರಿಸಿ ಗುಡುಗುತ್ತಾನೆ. ನಾನು ಒಂದು ಸ್ಟೂಲ್ ಎಳೆದುಕೊಂಡು ಕೂತೆ.

"ಧನ್ಯ ಎಲ್ಲ್ ಶ್ರೀಲತಕ್ಕ?"

"ಬ್ಯಾಗಿಗೆ ಚೈನ್ ಹಾಕ್ಸುಕ್ ಪ್ಯಾಟಿಗೆ ಹೋಯ್ತೆ ಅಂದ್ಳ್. ಕೂಕಣಿ. ಚಾ ಕುಡೀತ್ರ್ಯಾ?"

"ಬ್ಯಾಡ. ಒಂದ್ ಸಾಲ್ ಓದ್ತೆ, ಕೇಣಿ." ಜೇಬಿನಿಂದ ಕಾಗದ ತೆಗೆದೆ. "'ಕೆಸರಿನಲ್ಲಿ ಹಿಮ್ಮಡಿ ಊರಿ ತಿರುಗಿಸಿದರೆ ಚಿಪ್ಪು ಕಾಲಿಗೇ ತಾಗುತ್ತದೆ.' ನಿಮ್ ಗಂಡ ಚಿಪ್ಪ್ ಹೆಕ್ತಿದ್ರಾ?"

ಟಕ್. ಇನ್ನೊಂದು ಚಿಪ್ಪು ಬಾಯಿ ಬಿಟ್ಟಿತು.

"ಅಲ್ಲ್ ಹೋಯ್ ಕಲ್ತಿರ್ಕ್."

"ಅಲ್ಲ್ ಇಳಿತ ಇಲ್ಲೆ ಶ್ರೀಲತಕ್ಕ."

ಕತ್ತಿ ನಿಂತಿತು.

"ಬೋಕಾಸಂಗೆ ಕಡ್ಲ್ ಒಂದ್ ಗೇಣ್ ಮಾತ್ರ ಇಳಿತ್. ಪುಸ್ತಕದಂಗೆ ಅದ್ ಬರ್ದಿರ್ಲಿಲ್ಲೆ ಅಲ್ದಾ?"

ಅವರು ಕೈಯ ಚಿಪ್ಪು ಕೆಳಗಿಟ್ಟರು. ಮತ್ತೆ ಎದ್ದು ಒಳಗೆ ಹೋದರು. ಓಡಿಹೋಗುತ್ತಾರೋ ಎಂದುಕೊಂಡೆ. ತಂದದ್ದು ಹಳೆಯ ಇಯರ್ ಬುಕ್, ಬೆನ್ನು ಹರಿದದ್ದು. ಪುಟ ತಾನಾಗಿಯೇ ತೆರೆದುಕೊಂಡಿತು. ಪನಾಮ. ಪ್ರಾಂತ್ಯಗಳ ಪಟ್ಟಿ. ಬೋಕಾಸ್ ದೆಲ್ ತೋರೋ ಅಡಿಯಲ್ಲಿ ನೀಲಿ ಗೆರೆ. ಪಕ್ಕದಲ್ಲಿ ಆ ಅಂಕಿ, ಅರವತ್ತೊಂದಕ್ಕೆ ಮುಗಿಯುವುದು.

"ಗೆರೆ ಎಳ್ದದ್ ಅವ್ರ್," ಎಂದರು. "ಹಡ್ಗಂಗೆ ಹೋಯ್ಕ್, ಅಲ್ಲಿಗೇ ಹೋಯ್ಕ್ ಅಂದ್ ಹಗ್ಲೂ ರಾತ್ರಿಯೂ ಅದೇ ಜಪ. ಹೋಗ್ಲಿಲ್ಲೆ. ಎಲ್ಲಿಗೂ ಹೋಗ್ಲಿಲ್ಲೆ ಕೀರ್ತನ್. ಒಂದಿನ ಜಗಳ ಆಯ್ತ್. ಇಳಿತದ್ ಹೊತ್ತಿಗೆ ನಡ್ಕಂಡ್ ಕುದ್ರ್ ಬದಿಗ್ ಹೋದ್ರ್. ಭರತ ಬಂತ್. ಅವ್ರ್ ಬರ್ಲಿಲ್ಲೆ."

"ಪೊಲೀಸರಿಗೆ?"

"ಮುಂಬೈಗೆ ಹೋದ್ರ್, ಹಡ್ಗ್ ಹತ್ತಿದ್ರ್ ಅಂದೆ. ಏಳ್ ವರ್ಷದ್ ಮಗು ದಿನಾ ಬಾಗ್ಲಂಗೆ ಕೂಕಂತಿತ್ತ್. ನಾ ಎಂತ ಹೇಳ್ಕಿತ್ತ್? ಅವ್ರ ಹಳೇ ನೋಟ್ ಬುಕ್ ಕಂಡ್ಕಂಡ್ ಅವ್ರದ್ದೇ ಅಕ್ಷರ ಕಲ್ತೆ. ವರ್ಷಕ್ಕೊಂದ್ ಕಾಗ್ದ. ಹಡ್ಗಿನವ್ರ್ ತಂದ್ ಕೊಟ್ರ್ ಅಂತಿದ್ದೆ."

"ಮತ್ತೆ ಈಗ ಮಗಳನ್ ಕರ್ದ್ ಪನ್ವೇಲಿಗೆ ಕಳ್ಸುದ್ ಎಂತಕ್ಕೆ?"

ಶ್ರೀಲತಕ್ಕ ನನ್ನ ಮುಖ ನೋಡಿದರು. ಆ ನೋಟವನ್ನು ಎಷ್ಟೋ ತಮಾಷೆ ಮಾಡಿದ ನಾನು ಯಾರ ಮುಖದಲ್ಲೂ ಕಂಡಿರಲಿಲ್ಲ. ಮೋಸ ಮಾಡಿದವರದ್ದಲ್ಲ, ಮೋಸ ಮಾಡುತ್ತಿದ್ದ ಆಟದೊಳಗೆ ಇನ್ನೊಬ್ಬ ಬಂದು ಕೂತದ್ದನ್ನು ಕಂಡವರದ್ದು.

"ಹನ್ನೊಂದ್ ನಾ ಬರ್ದೆ," ಎಂದರು. "ಹನ್ನೆರಡ್ನೇದ್ ನಾ ಬರೀಲಿಲ್ಲೆ."

ಹಿತ್ತಲ ತೆಂಗಿನ ಮೇಲೆ ಒಂದು ಕಾಗೆ ರೆಕ್ಕೆ ಕೊಡವಿತು.

ಜೆರಾಕ್ಸ್ ಅಂಗಡಿಯವನಿಗೆ ನಕಲು ಗೊತ್ತು. ಅಸಲನ್ನು ಗಾಜಿನ ಮೇಲೆ ಇಟ್ಟ ಮೇಲೆ ನಕಲು ಬರುತ್ತದೆ. ಇಲ್ಲಿ ಹನ್ನೊಂದು ನಕಲು ಬಂದ ಮೇಲೆ, ಅದೇ ಅಕ್ಷರದಲ್ಲಿ, ತುಳಸಿಕಟ್ಟೆಯ ಮೇಲೆ ಅಸಲು ಬಂದು ಕೂತಿತ್ತು.

"ಯಾರೋ ನಿಮ್ ಗುಟ್ಟ್ ತಿಳ್ಕಂಡವ್ರ್ ಬರ್ದಿರ್ಕ್," ಎಂದೆ.

"ಹಾಂಗಂದ್ಕಂಡಿದ್ದೆ. ಜನಸಂಖ್ಯೆಗಿಂತ ಮೊದ್ಲಿನ್ ಸಾಲ್ ಓದಿನಿ."

ಓದಿದೆ. 'ನಾನು ಇಳಿತದಲ್ಲೇ ಹೋದೆ. ಭರತದ ಹೊತ್ತಿಗೆ ಅವಳ ಕಣ್ಣಿಗೆ ಬೀಳಲಿಲ್ಲ.'

"ಜಗಳದ್ ದಿನ ನಾ ಹೇಳದ್ ಅದ್. 'ಹೋಪುದಾರೆ ಇಳಿತದಂಗೇ ಹೋಯ್ನಿ, ಭರತದ್ ಹೊತ್ತಿಗೆ ನನ್ ಕಣ್ಣಿಗ್ ಬೀಳ್ಬೇಡಿ' ಅಂದಿದ್ದೆ. ಆಗ ಈ ಮನಿಯಂಗೆ ನಾವಿಬ್ರೇ ಇದ್ದದ್. ಮಗು ಶಾಲೆಗ್ ಹೋಯಿತ್ತ್."

"ಹಾಂಗಾರೆ ಧನ್ಯನಿಗೆ ಹೇಳಿ. ಈಗ್ಲೇ ಹೇಳಿ. ನಾಳೆ ರೈಲ್ ಹತ್ತಿರೆ ಯಾರ್ ಕೈಗ್ ಸಿಕ್ತ್ಳ್ ಅಂದ್ ಗೊತ್ತಿಲ್ಲೆ."

"ಹನ್ನೆರಡ್ನೇದ್ ಸುಳ್ಳ್ ಅಂಬುಕೆ, ಹನ್ನೊಂದೂ ಸುಳ್ಳ್ ಅನ್ಕಲೆ." ಅವರು ಕತ್ತಿಯನ್ನು ಬಟ್ಟೆಗೆ ಒರೆಸಿದರು, ಮತ್ತೆ ಒರೆಸಿದರು. "ಆ ಹನ್ನೊಂದ್ ಕಾಗ್ದ ದಿಂಬಿನಡಿ ಇಟ್ಕಂಡ್ ಬೆಳ್ದದ್ ಅವ್ಳ್. ಅದನ್ ಹ್ಯಾಂಗೆ ಕಿತ್ಕಂಬುದ್?"

ಎದ್ದೆ. ಜಗುಲಿಯ ಮೂಲೆಯಲ್ಲಿ ಧನ್ಯಶ್ರೀಯ ಬ್ಯಾಗ್ ಇತ್ತು. ಚೈನ್ ಹಾಕಿಸಲು ಪೇಟೆಗೆ ಹೋದವಳ ಬ್ಯಾಗ್. ಚೈನ್ ಸರಿಯಾಗಿಯೇ ಇತ್ತು.

ಗಡಿಯಾರ ನೋಡಿದೆ. ಮೂರು ಮೂವತ್ತೈದು.

ಮನೆ ಸುತ್ತಿ ಹೊಳೆ ಬದಿಗೆ ಓಡಿದೆ. ಶ್ರೀಲತಕ್ಕ ಹಿಂದೆ ಬರುವುದು ಕೇಳಿಸಿತು. ದಡದ ಕಲ್ಲಿನ ಮೇಲೆ ಒಂದು ಜೊತೆ ಚಪ್ಪಲಿ, ಪಕ್ಕಪಕ್ಕದಲ್ಲಿ, ದೇವಸ್ಥಾನದ ಹೊರಗೆ ಬಿಟ್ಟಷ್ಟು ನೀಟಾಗಿ. ಅಲ್ಲಿಂದ ಕೆಸರಿನ ಮೇಲೆ ಕಾಗೆಕುದ್ರಿನವರೆಗೂ ಹೆಜ್ಜೆ. ಹೋದ ಹೆಜ್ಜೆ ಮಾತ್ರ. ನನ್ನ ಒಂದು ತಮಾಷೆ ಅಷ್ಟು ದೂರ ನಡೆದುಹೋಗಿತ್ತು.

ಹೆಜ್ಜೆಯ ಗುಳಿಗಳಲ್ಲಿ ಆಗಲೇ ನೀರು ತುಂಬಿಕೊಳ್ಳುತ್ತಿತ್ತು. ನಾವು ನೋಡುತ್ತಿದ್ದಂತೆಯೇ ನಡುವಿನ ಹತ್ತಿಪ್ಪತ್ತು ಗುಳಿ ಒಂದಾಗಿ ಹರಿಯತೊಡಗಿತು. ಆಚೆ, ತೆಂಗಿನ ಮರಗಳ ನಡುವೆ, ನಾಲ್ಕನೆಯ ಮನೆ. ಗೋಡೆಯ ಮೇಲೆ ಅಮ್ಮ ಬರೆದ ಗಣತಿಯ ನಂಬರ್ ಇಲ್ಲಿಂದಲೂ ಕಾಣುತ್ತಿತ್ತು. ಬಾಗಿಲು ತೆರೆದಿತ್ತು.

ಫೋನ್ ಅಲುಗಿತು. ಧನ್ಯಶ್ರೀ. ಸ್ಪೀಕರಿಗೆ ಹಾಕಿದೆ.

"ಕೀರ್ತಣ್ಣ." ಪಿಸುಮಾತು. ಹಿಂದೆ ಕಾಗೆಗಳ ಸದ್ದು, ಎರಡು ಕಡೆಯಿಂದ ಕೇಳುತ್ತಿತ್ತು, ಹೊಳೆಯಾಚೆಯಿಂದ ಒಮ್ಮೆ, ಫೋನಿನೊಳಗಿಂದ ಒಮ್ಮೆ. "ನಿಮ್ ಅಮ್ಮ ಲೆಕ್ಕ ತಪ್ಪಿದ್ರ್. ಇಲ್ಲ್ ಒಬ್ಬ ಅಲ್ಲ. ಇಬ್ರ್ ಇದ್ರ್."

"ಯಾರ್? ಹೆರ್ಗೆ ಬಾ ಧನ್ಯಾ, ನೀರ್ ಏರ್ತಾ ಇತ್ತ್."

"ಇಬ್ರೂ ನನ್ ಹೆಸರ್ ಹಿಡ್ದ್ ಕರೀತ್ರ್. ಇಬ್ರೂ ತಾನೇ ಅಪ್ಪಯ್ಯ ಅಂತ್ರ್. ನಂಗ್ ಮುಖ ಸಮಾ ನೆನ್ಪಿಲ್ಲೆ ಕೀರ್ತಣ್ಣ." ಅವಳ ದನಿ ಒಡೆಯಿತು. "ಅಮ್ಮ ಹತ್ರ ಇದ್ಳಾ? ಯಾರ್ ಅಂದ್ ಕೇಣಿ. ಅಪ್ಪಯ್ಯಂಗೆ ಗುರ್ತ್ ಎಂತ ಇತ್ತ್ ಅಂದ್ ಕೇಣಿ."

ಶ್ರೀಲತಕ್ಕನ ಕಡೆ ತಿರುಗಿದೆ. ಅವರು ಆಗಲೇ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನೀರಿಗೆ ಇಳಿದಿದ್ದರು. ಮೊಣಕಾಲಿನ ಮಟ್ಟ. ಕೈಯಲ್ಲಿ ಚಿಪ್ಪಿನ ಕತ್ತಿ ಇನ್ನೂ ಇತ್ತು. ಭರತ ಬಂತು, ಅವರು ಬರಲಿಲ್ಲ ಎಂದು ಐದು ನಿಮಿಷದ ಹಿಂದೆ ಹೇಳಿದ ಹೆಂಗಸು, ಹನ್ನೆರಡು ವರ್ಷ ಈ ಬದಿಯ ಕಿಟಕಿ ತೆರೆಯದ ಹೆಂಗಸು.

ಅವರು ನಿಂತರು. ತಿರುಗಲಿಲ್ಲ.

"ಇಬ್ರೂ ಅಲ್ಲ ಅಂದ್ ಹೇಳಿ," ಎಂದರು. "ಅವ್ರ್ ಎಲ್ಲಿದ್ರ್ ಅಂದ್ ನಂಗ್ ಗೊತ್ತ್."